ಬಳಕೆ ಇಳಿದಿದೆ, ಇನ್ನೇಕೆ ಖರ್ಚು? – ಮಕ್ಕಳನ್ನು ತಂಬಾಕು, ವೇಪ್‌ನಿಂದ ದೂರ ಇಡುವ ಸರ್ಕಾರಿ ಕಾರ್ಯಕ್ರಮಗಳ ಬಗ್ಗೆ

ಬೇಲಿಗೂಟ:

ಈಗ ಹಲವು ಕಡೆ ಒಂದೇ ಮಾತು ಕೇಳಿಬರುತ್ತಿದೆ: "ಮಕ್ಕಳಲ್ಲಿ ಬಳಕೆ ಇಳಿದಾಯಿತಲ್ಲ, ಇನ್ನು ಇದಕ್ಕೆ ದುಡ್ಡು ಯಾಕೆ?" ಇದಕ್ಕೆ ಅಮೆರಿಕದ ಅಂಕಿ ತೋರಿಸುತ್ತಾರೆ. ಅಲ್ಲಿ ಹೈಸ್ಕೂಲು ಮಕ್ಕಳ ವೇಪ್ (ಇ-ಸಿಗರೇಟು) ಬಳಕೆ 2019ರಲ್ಲಿ ಶೇ 27.5 ಇತ್ತು, 2024ಕ್ಕೆ ಶೇ 7.8ಕ್ಕೆ ಬಂತು. ಮರುವರ್ಷದ ಏಪ್ರಿಲ್‌ನಲ್ಲಿ ಅಲ್ಲಿನ ರೋಗ ನಿಯಂತ್ರಣ ಕೇಂದ್ರದಲ್ಲಿ ಇದೇ ಕೆಲಸ ನೋಡುತ್ತಿದ್ದ ಧೂಮಪಾನ ವಿಭಾಗದ ಸಿಬ್ಬಂದಿಯನ್ನು ಮನೆಗೆ ಕಳಿಸಿದರು. ಬಜೆಟ್ ಕತ್ತರಿ ಹಿಡಿದ ಬೇರೆ ದೇಶದವರಿಗೂ ಇದೇ ಮೇಲ್ಪಂಕ್ತಿಯಾದರೆ ಕಷ್ಟ.

ಸಮರ್ಥಿಸುವುದಾದರೆ ಯಾವುದನ್ನು ಸಮರ್ಥಿಸಬೇಕು ಅನ್ನುವುದೇ ನನ್ನ ಪ್ರಶ್ನೆ. "ಜಾಗೃತಿ" ಅನ್ನುವ ಒಂದೇ ಚೀಲದೊಳಗೆ ಭಾಷಣ, ಜಾಥಾ, ಅಂಗಡಿ ತಪಾಸಣೆ, ತೆರಿಗೆ, ಸಮೀಕ್ಷೆ, ಚಟ ಬಿಡಿಸುವ ನೆರವು ಎಲ್ಲವನ್ನೂ ತುರುಕಿದ್ದಾರೆ. ಯಾವುದು ಫಲ ಕೊಡುತ್ತದೆ, ಯಾವುದು ಕೊಡುವುದಿಲ್ಲ, ನಿಲ್ಲಿಸಿದರೆ ಏನಾಗುತ್ತದೆ? ಗೊತ್ತಿರುವವರು ಬಿಡಿಸಿ ಬರೆಯಿರಿ. "ಮಕ್ಕಳೇ ನಾಳಿನ ಪ್ರಜೆಗಳು" ಎಂದು ಶುರುಮಾಡುವವರಿಗೆ ದೂರದಿಂದಲೇ ನಮಸ್ಕಾರ.

ತಕ್ಕಡಿ:

ಕೊನೆಯ ಪ್ರಶ್ನೆಯಿಂದಲೇ ಶುರುಮಾಡುತ್ತೇನೆ, ಅದಕ್ಕೆ ಊಹೆಯ ಅಗತ್ಯವೇ ಇಲ್ಲ. ಅಮೆರಿಕದ ಮಿನೆಸೋಟ ರಾಜ್ಯದಲ್ಲಿ ಹದಿಹರೆಯದವರಿಗಾಗಿ ತಂಬಾಕು ವಿರೋಧಿ ಪ್ರಚಾರ ನಡೆಯುತ್ತಿತ್ತು. 2003ರಲ್ಲಿ ಅದರ ಹಣ ನಿಂತಿತು. ಪ್ರಚಾರ ನಿಲ್ಲುವ ಮುಂಚೆ ಮತ್ತು ನಿಂತ ಮೇಲೆ 12ರಿಂದ 17ರ ಮಕ್ಕಳನ್ನು ಕೇಳಿ ನೋಡಿದರು. ಪ್ರಚಾರವನ್ನು ಗುರುತಿಸಿದವರು ಶೇ 85ರಿಂದ ಶೇ 57ಕ್ಕೆ ಇಳಿದಿದ್ದರು. "ಮುಂದೆ ಸೇದಬಹುದೇನೋ" ಎಂಬ ಸಡಿಲ ಮನಸ್ಸಿನವರು ಶೇ 43ರಿಂದ ಶೇ 53ಕ್ಕೆ ಏರಿದ್ದರು. ಇಷ್ಟಕ್ಕೆ ವರ್ಷಗಟ್ಟಲೆ ಹಿಡಿಯಲಿಲ್ಲ, ಕೆಲವೇ ತಿಂಗಳು ಸಾಕಾಯಿತು.

ಹೀಗಾಗುವುದಕ್ಕೆ ಕಾರಣ ಸರಳ. ದೊಡ್ಡವರ ಕಾರ್ಯಕ್ರಮದಲ್ಲಿ ಒಮ್ಮೆ ಬಿಟ್ಟವರು ಬಿಟ್ಟ ಲೆಕ್ಕಕ್ಕೆ ಸೇರುತ್ತಾರೆ. ಮಕ್ಕಳ ವಿಷಯದಲ್ಲಿ ಆ ಉಳಿತಾಯವಿಲ್ಲ. ಪ್ರತಿ ವರ್ಷ ಹೊಸದಾಗಿ ಒಂದು ತಂಡ ಹನ್ನೆರಡು-ಹದಿಮೂರು ದಾಟುತ್ತದೆ, ಕಳೆದ ವರ್ಷದ ಮಕ್ಕಳಿಗೆ ಹೇಳಿದ್ದು ಇವರ ಕಿವಿಗೆ ಬಿದ್ದಿರುವುದಿಲ್ಲ. ಹುಟ್ಟುವ ಮಕ್ಕಳಿಗೆ ಲಸಿಕೆ ಹಾಕುತ್ತಲೇ ಇರಬೇಕಲ್ಲ, ಹಾಗೆ. ಅಮೆರಿಕ ಸರ್ಕಾರದ ಮುಖ್ಯ ಆರೋಗ್ಯಾಧಿಕಾರಿ, ಅಂದರೆ ಸರ್ಜನ್ ಜನರಲ್ ಅವರ 2012ರ ವರದಿಯ ಪ್ರಕಾರ ದಿನವೂ ಸೇದುವ ದೊಡ್ಡವರಲ್ಲಿ ಶೇ 88ರಷ್ಟು ಮಂದಿ ಮೊದಲ ದಮ್ಮು ಎಳೆದದ್ದು 18 ತುಂಬುವುದರೊಳಗೆ. 26 ದಾಟಿದ ಮೇಲೆ ಶುರುಮಾಡಿದವರು ನೂರಕ್ಕೆ ಒಬ್ಬರು. ಕಂಪನಿಗೆ ಗಿರಾಕಿ ಸಿಗುವ ಕಿಟಕಿ ಅಷ್ಟೇ ಅಗಲ. ಸರ್ಕಾರ ಕಾಯಬೇಕಾದದ್ದೂ ಅದೇ ಕಿಟಕಿಯನ್ನು.

ಬಜೆಟ್ ಸಭೆಯಲ್ಲಿ "ಬಳಕೆ ಇಳಿದಿದೆ" ಅಂದರೆ, "ಮುಂದಿನ ಜೂನ್‌ನಲ್ಲಿ ಏಳನೇ ತರಗತಿಗೆ ಬರುವವರ ಬಳಕೆ ಇಳಿದಿದೆಯೇ?" ಎಂದು ಕೇಳಿ.

ಮಾದರಿಎಣಿಕೆ:

ತಕ್ಕಡಿಯವರ ಮಾತಿಗೆ ಒಂದು ಸೇರ್ಪಡೆ. ಕತ್ತರಿ ಬಂದಾಗ ಮೊದಲು ಹೋಗುವುದು ಸಮೀಕ್ಷೆ. ಯಾರಿಗೂ ನೋವಾಗುವುದಿಲ್ಲ, ಫೋಟೋ ತೆಗೆಸಿಕೊಳ್ಳಲು ಅಲ್ಲಿ ಏನೂ ಇರುವುದಿಲ್ಲ. ಆದರೆ ಅದು ಹೋದರೆ ಉಳಿದದ್ದೆಲ್ಲ ಕುರುಡು.

ಅಮೆರಿಕದ ಅದೇ ಶಾಲಾ ಸಮೀಕ್ಷೆ ನೋಡಿ. ಹೈಸ್ಕೂಲಿನಲ್ಲಿ ವೇಪ್ ಬಳಕೆ 2017ರಲ್ಲಿ ಶೇ 11.7, 2018ರಲ್ಲಿ ಶೇ 20.8, 2019ರಲ್ಲಿ ಶೇ 27.5. ಎರಡು ವರ್ಷದಲ್ಲಿ ದುಪ್ಪಟ್ಟಿಗಿಂತ ಹೆಚ್ಚು. ಪ್ರತಿ ವರ್ಷ ಕೇಳುತ್ತಿದ್ದರು, ಹಾಗಾಗಿ ಕಣ್ಣಿಗೆ ಬಿತ್ತು. ಮೂರ್ನಾಲ್ಕು ವರ್ಷಕ್ಕೊಮ್ಮೆ ಕೇಳಿದ್ದರೆ ಗೊತ್ತಾಗುವಷ್ಟರಲ್ಲಿ ಒಂದು ತಲೆಮಾರು ಶಾಲೆ ಮುಗಿಸಿರುತ್ತಿತ್ತು.

ಹಲವು ದೇಶಗಳಲ್ಲಿ ನಡೆಯುವ ಜಾಗತಿಕ ಯುವ ತಂಬಾಕು ಸಮೀಕ್ಷೆ 13ರಿಂದ 15ರ ವಿದ್ಯಾರ್ಥಿಗಳನ್ನು ಕೇಳುತ್ತದೆ. ಭಾರತದಲ್ಲಿ 2019ರ ಸುತ್ತಿನಲ್ಲಿ ಶೇ 8.5 ಮಕ್ಕಳು ಒಂದಲ್ಲ ಒಂದು ತಂಬಾಕು ಬಳಸುತ್ತಿದ್ದರು. ನನಗೆ ಅದಕ್ಕಿಂತ ಮುಖ್ಯವೆನಿಸಿದ್ದು ಇನ್ನೊಂದು ಸಾಲು: ಸಿಗರೇಟು ಸೇದಿ ನೋಡಿದ ಮಕ್ಕಳಲ್ಲಿ ಶೇ 38, ಬೀಡಿ ಸೇದಿದವರಲ್ಲಿ ಶೇ 47, ಹೊಗೆರಹಿತ ತಂಬಾಕು ಬಳಸಿದವರಲ್ಲಿ ಶೇ 52ರಷ್ಟು ಮಂದಿ ಹತ್ತು ತುಂಬುವ ಮೊದಲೇ ಶುರುಮಾಡಿದ್ದರು. ಕಾರ್ಯಕ್ರಮವನ್ನು ಹೈಸ್ಕೂಲಿನಿಂದ ಆರಂಭಿಸುವವರು ಇದನ್ನು ಎರಡು ಸಲ ಓದಬೇಕು.

ಸಮೀಕ್ಷೆ ಕೆಡುವುದು ಎಲ್ಲಿ ಅಂದರೆ –

ಹಾಳೆಯಲ್ಲಿ ಹೆಸರು ಬರೆಸಿದರೆ ಮುಗಿಯಿತು, ಯಾರೂ ನಿಜ ಹೇಳುವುದಿಲ್ಲ. ತರಗತಿಯ ಶಿಕ್ಷಕರೇ ಹಾಳೆ ಹಂಚಿ ಹಿಂದೆ ಬಂದು ನಿಂತರೂ ಅಷ್ಟೇ. ಹೊರಗಿನವರು ಹಂಚಬೇಕು, ಮಕ್ಕಳು ತಾವೇ ಲಕೋಟೆಗೆ ಹಾಕಬೇಕು.

ಹೆಸರಿನ ಗೊಂದಲ ಇನ್ನೊಂದು. "ಇ-ಸಿಗರೇಟು ಬಳಸಿದ್ದೀಯಾ?" ಅಂದರೆ "ಇಲ್ಲ" ಅನ್ನುವ ಹುಡುಗ "ಪಾಡ್?" ಅಂದರೆ ಹೌದು ಅನ್ನುತ್ತಾನೆ (ದ್ರವ ತುಂಬಿದ ಚಿಕ್ಕ ಡಬ್ಬಿ ಸಿಕ್ಕಿಸುವ ವೇಪ್ ಅದು). ಅವನು ಸುಳ್ಳು ಹೇಳುತ್ತಿಲ್ಲ, ಅವನ ಪಾಲಿಗೆ ಅದು ಸಿಗರೇಟೇ ಅಲ್ಲ. ಮಕ್ಕಳ ಬಾಯಲ್ಲಿರುವ ಹೆಸರು, ಚಿತ್ರ ಎರಡನ್ನೂ ಪ್ರತಿ ಸುತ್ತಿಗೂ ಹೊಸದಾಗಿ ಹಾಕಬೇಕು. ಆದರೆ "ಕಳೆದ 30 ದಿನಗಳಲ್ಲಿ ಒಂದು ದಿನವಾದರೂ" ಅನ್ನುವ ಅಳತೆಯನ್ನು ಮಾತ್ರ ಬದಲಿಸಬಾರದು, ಬದಲಿಸಿದರೆ ಹಿಂದಿನ ವರ್ಷದ ಜೊತೆ ಹೋಲಿಸಲು ಬರುವುದಿಲ್ಲ.

ಉಲ್ಟಾವಾದಿ:

ಎಲ್ಲರೂ ತಲೆ ಅಲ್ಲಾಡಿಸುತ್ತಿದ್ದೀರಿ, ಒಬ್ಬನಾದರೂ ಅಡ್ಡ ಮಾತಾಡಬೇಕಲ್ಲ. ಮಕ್ಕಳನ್ನು ನೋಡಿಕೊಳ್ಳುವುದು ತಂದೆತಾಯಿಯ ಕೆಲಸ. ಶಾಲೆಯಲ್ಲಿ ಕಪ್ಪಾದ ಶ್ವಾಸಕೋಶದ ಚಿತ್ರ ತೋರಿಸಿ, ಪ್ರತಿಜ್ಞೆ ಹೇಳಿಸಿ, ಬಿಸ್ಕತ್ತು ಹಂಚಿ ಕಳಿಸುವ ಕಾರ್ಯಕ್ರಮದಿಂದ ಒಂದು ಮಗುವಾದರೂ ಬಿಟ್ಟದ್ದಕ್ಕೆ ಪುರಾವೆ ಇದೆಯೇ?

ಕಪ್ಪುಹಲಗೆ:

ಇಲ್ಲ. ಉಲ್ಟಾವಾದಿಗಳು ಈ ಸಲ ನೇರವಾಗಿಯೇ ಹೇಳಿದ್ದಾರೆ!

ಪುರಾವೆ ಇರುವುದು ನಿಮ್ಮ ಕಡೆಗೇ. ವಾಷಿಂಗ್ಟನ್ ರಾಜ್ಯದ 40 ಶಾಲಾ ಜಿಲ್ಲೆಗಳಲ್ಲಿ ಹಚಿನ್ಸನ್ ಯೋಜನೆ ಎಂದು ಒಂದು ಪ್ರಯೋಗ ನಡೆಯಿತು. ಅರ್ಧ ಜಿಲ್ಲೆಗಳಲ್ಲಿ ಮೂರನೇ ತರಗತಿಯಿಂದ ಹನ್ನೆರಡರ ತನಕ ತಂಬಾಕು ತಡೆಯುವ ಕಾರ್ಯಕ್ರಮ, ಉಳಿದರ್ಧದಲ್ಲಿ ಎಂದಿನಂತೆ. 8,388 ಮಕ್ಕಳನ್ನು ಶಾಲೆ ಮುಗಿಸಿ ಎರಡು ವರ್ಷ ಆಗುವ ತನಕ ಹಿಂಬಾಲಿಸಿದರು. 2000ದಲ್ಲಿ ಫಲಿತಾಂಶ ಬಂತು: ಎರಡು ಗುಂಪಿಗೂ ವ್ಯತ್ಯಾಸವಿಲ್ಲ. "ಸ್ನೇಹಿತರ ಒತ್ತಡಕ್ಕೆ ಇಲ್ಲ ಎನ್ನುವುದು ಹೇಗೆ" ಎಂಬ ಪಾಠವನ್ನು ಅಷ್ಟು ಶ್ರದ್ಧೆಯಿಂದ ಇನ್ನೆಲ್ಲೂ ಮಾಡಿರಲಿಕ್ಕಿಲ್ಲ. ಆದರೂ ಸೊನ್ನೆ. ಪಾಠ ಮುಗಿಸಿ ಹೊರಗೆ ಬಂದರೆ ಅದೇ ಅಂಗಡಿ, ಅದೇ ಬೆಲೆ, ಅದೇ ಜಾಹೀರಾತು.

ಆದ್ದರಿಂದ ಬರೀ ಭಾಷಣಕ್ಕೆ ಹಣ ಕೇಳುವ ಕಾರ್ಯಕ್ರಮವನ್ನು ನಾನು ಸಮರ್ಥಿಸುವುದಿಲ್ಲ. ಕೇಳಿದರೆ ಕತ್ತರಿ ಹಿಡಿದವರಿಗೆ ನಾವೇ ಸಾಣೆ ಹಿಡಿದು ಕೊಟ್ಟಂತೆ.

ಸಮೂಹ ಮಾಧ್ಯಮದ ಪ್ರಚಾರದ ಕಥೆ ಬೇರೆ. ಅಲ್ಲೂ ಮಾತಿನ ಧಾಟಿಯ ಮೇಲೆ ಎಲ್ಲ ನಿಂತಿದೆ. 1998ರಲ್ಲಿ ಫ್ಲಾರಿಡಾದಲ್ಲಿ ಹುಟ್ಟಿ 2000ದಲ್ಲಿ ದೇಶವ್ಯಾಪಿಯಾದ "ಟ್ರೂತ್" ಪ್ರಚಾರ ಮಕ್ಕಳಿಗೆ "ಸೇದಬೇಡ" ಅನ್ನಲೇ ಇಲ್ಲ. "ಕಂಪನಿ ನಿನ್ನನ್ನು ಹೇಗೆ ಮಂಗ ಮಾಡುತ್ತಿದೆ ನೋಡು" ಅಂದಿತು. ಅದೇ ಕಾಲಕ್ಕೆ ಫಿಲಿಪ್ ಮಾರಿಸ್ ಕಂಪನಿ "ಯೋಚಿಸು, ಸೇದಬೇಡ" ಎಂಬ ತನ್ನದೇ ಪ್ರಚಾರ ನಡೆಸಿತ್ತು. 2002ರಲ್ಲಿ ಎರಡನ್ನೂ ಅಳೆದಾಗ, ಟ್ರೂತ್ ನೋಡಿದವರಲ್ಲಿ ತಂಬಾಕಿನ ವಿರುದ್ಧದ ಧೋರಣೆ ಗಟ್ಟಿಯಾಗಿತ್ತು. ಕಂಪನಿಯದನ್ನು ನೋಡಿದವರಲ್ಲಿ ಸೇದುವ ಒಲವೇ ಹೆಚ್ಚಿತ್ತು. ಹದಿನಾಲ್ಕರ ಹುಡುಗನಿಗೆ ದೊಡ್ಡವರು "ಇದು ದೊಡ್ಡವರಿಗೆ ಮಾತ್ರ" ಅಂದರೆ ಅದು ಆಮಂತ್ರಣ ಪತ್ರಿಕೆ ಇದ್ದಂತೆ. ಕಂಪನಿಗಳಿಗೆ ಇದು ಗೊತ್ತಿಲ್ಲದೆ ಇರಲಿಲ್ಲ ಎಂದೇ ನನ್ನ ಅನುಮಾನ.

ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ "ರಿಯಲ್ ಕಾಸ್ಟ್" ಪ್ರಚಾರ 2014ರ ಫೆಬ್ರುವರಿಯಿಂದ 2016ರ ನವೆಂಬರ್ ತನಕದ ಅವಧಿಯಲ್ಲಿ 11ರಿಂದ 19ರ ಹೆಚ್ಚೆಂದರೆ 5,87,000 ಮಂದಿ ಶುರುಮಾಡದಂತೆ ತಡೆಯಿತು ಎಂಬ ಅಂದಾಜಿದೆ. ಅದರ ಧಾಟಿ: ನಲವತ್ತು ವರ್ಷದ ನಂತರದ ಕ್ಯಾನ್ಸರ್ ಬಗ್ಗೆ ಕಡಿಮೆ, ಈಗಲೇ ಹಾಳಾಗುವ ಹಲ್ಲು, ಚರ್ಮ ಮತ್ತು ಕೈತಪ್ಪುವ ಹಿಡಿತದ ಬಗ್ಗೆ ಹೆಚ್ಚು.

ಗಲ್ಲಾಪೆಟ್ಟಿಗೆ:

ನನ್ನ ಮಟ್ಟಿಗೆ ಕಾರ್ಯಕ್ರಮದ ಬೆನ್ನೆಲುಬು ಅಂಗಡಿ ತಪಾಸಣೆ. ಅದರಲ್ಲೂ ಪರೀಕ್ಷಾ ಖರೀದಿ, ಅಂದರೆ ವಯಸ್ಸಾಗದ ಮಗುವನ್ನು ಕಳಿಸಿ ಅಂಗಡಿಯವರು ಕೊಡುತ್ತಾರೋ ಇಲ್ಲವೋ ನೋಡುವುದು. ಅಧಿಕಾರಿ ಜೀಪಿನಲ್ಲಿ ಬಂದು ಫಲಕ ನೋಡಿ ಹೋಗುವುದನ್ನು ತಪಾಸಣೆ ಅನ್ನಲಾಗದು.

ಮಾಡುವ ಕ್ರಮ ಹೀಗೆ. 15ರಿಂದ 17ರ ವಯಸ್ಸಿನವರನ್ನು ತಂದೆತಾಯಿಯ ಲಿಖಿತ ಒಪ್ಪಿಗೆಯೊಂದಿಗೆ ಆರಿಸಬೇಕು. ಮುಖ ನೋಡಿದರೆ ವಯಸ್ಸು ಅಷ್ಟೇ ಅನ್ನಿಸಬೇಕು. ಗಡ್ಡ ಮೀಸೆ ಬಂದ ಹುಡುಗನನ್ನು ಕಳಿಸಿದರೆ ಅಂಗಡಿಯವರ ತಕರಾರು ನ್ಯಾಯವೇ ಆಗುತ್ತದೆ. ವಯಸ್ಸು ಕೇಳಿದರೆ ನಿಜ ಹೇಳಬೇಕು, ಗುರುತಿನ ಚೀಟಿ ಕೇಳಿದರೆ ಇಲ್ಲ ಅನ್ನಬೇಕು ಅಥವಾ ನಿಜವಾದದ್ದನ್ನೇ ತೋರಿಸಬೇಕು. ಗೋಗರೆಯಬಾರದು, "ಅಪ್ಪನಿಗೆ" ಅನ್ನಬಾರದು. ಒಂದು ಸಲ ಇಲ್ಲ ಅಂದರೆ ಹಿಂತಿರುಗಬೇಕು. ಕೇಳುವ ವಾಕ್ಯ ಎಲ್ಲ ಅಂಗಡಿಯಲ್ಲೂ ಒಂದೇ ಇರಬೇಕು. ದೊಡ್ಡವರೊಬ್ಬರು ಕಣ್ಣಳತೆಯಲ್ಲಿ ನಿಂತಿರಬೇಕು. ಕೊಟ್ಟರೆ ಆ ಪೊಟ್ಟಣವನ್ನು ತಕ್ಷಣ ಅವರ ಕೈಗೆ ಕೊಟ್ಟು, ಚೀಲದಲ್ಲಿ ಮುಚ್ಚಿ ಮೊಹರು ಮಾಡಿ, ಹೊತ್ತು, ಅಂಗಡಿಯ ವಿಳಾಸ, ಕೊಟ್ಟವರ ಚಹರೆ ಬರೆದಿಡಬೇಕು. ಮಗು ಮಹಜರಿಗೆ ಸಹಿ ಹಾಕಲು ಅಂಗಡಿಗೆ ವಾಪಸ್ ಹೋಗಕೂಡದು.

ಇದು ಕೆಡುವ ಬಗೆ ಮೂರ್ನಾಲ್ಕು. ಮೊದಲ ಅಂಗಡಿಯಲ್ಲಿ ಸಿಕ್ಕಿಬಿದ್ದ ಕೂಡಲೇ ಫೋನು ಓಡಾಡುತ್ತದೆ, ಹತ್ತನೇ ಅಂಗಡಿ ತಲುಪುವ ಹೊತ್ತಿಗೆ ಎಲ್ಲರೂ ಸತ್ಯಹರಿಶ್ಚಂದ್ರರು. ಹಾಗಾಗಿ ಒಂದೇ ಪ್ರದೇಶಕ್ಕೆ ಒಂದೇ ಹೊತ್ತಿಗೆ ಎರಡು ಮೂರು ತಂಡ ಬೇಕು, ನೋಟಿಸನ್ನು ಸುತ್ತು ಮುಗಿದ ಮೇಲೆ ಕೊಡಬೇಕು. ಅದೇ ಮಗುವನ್ನು ಅದೇ ಬೀದಿಗೆ ಎರಡನೇ ಸಲ ಕಳಿಸಿದರೆ ಗುರುತು ಸಿಕ್ಕಿಬಿಡುತ್ತದೆ. ಬೆಳಗ್ಗೆ ಹನ್ನೊಂದಕ್ಕೆ ಹೋದರೆ ಸುಳ್ಳು ಫಲಿತಾಂಶ ಬರುತ್ತದೆ, ಮಕ್ಕಳು ಕೊಳ್ಳುವುದು ಶಾಲೆ ಬಿಟ್ಟ ಮೇಲೆ. ಇನ್ನು "ದೂರು ಬಂದ ಅಂಗಡಿ"ಗಷ್ಟೇ ಹೋಗುವುದು. ಅದರಿಂದ ಊರಿನ ಒಟ್ಟು ಚಿತ್ರ ಸಿಗುವುದಿಲ್ಲ. ಪಟ್ಟಿಯಿಂದ ಚೀಟಿ ಎತ್ತಿದ ಹಾಗೆ ಆರಿಸಬೇಕು.

ಇಷ್ಟೆಲ್ಲ ಮಾಡಿದರೆ ಸಿಗುವುದೇನು ಅಂತೀರಾ? ಅಮೆರಿಕದಲ್ಲಿ 1992ರ ಸೈನಾರ್ ತಿದ್ದುಪಡಿ ಪ್ರತಿ ರಾಜ್ಯಕ್ಕೂ ಪೂರ್ವಸೂಚನೆ ಇಲ್ಲದ ತಪಾಸಣೆಯನ್ನು ಕಡ್ಡಾಯ ಮಾಡಿತು. ಮಕ್ಕಳಿಗೆ ಮಾರುವ ಅಂಗಡಿಗಳ ಪ್ರಮಾಣ ಶೇ 20 ದಾಟಿದರೆ ವ್ಯಸನ ಚಿಕಿತ್ಸೆಗೆ ಬರುವ ಕೇಂದ್ರ ಅನುದಾನಕ್ಕೆ ಕತ್ತರಿ. 1997ರ ಸುಮಾರಿಗೆ ಶೇ 40ರ ಆಸುಪಾಸಿನಲ್ಲಿದ್ದದ್ದು ಮುಂದೆ ಶೇ 10ರ ಹತ್ತಿರಕ್ಕೆ ಇಳಿಯಿತು. ಅಂಗಡಿಯವರ ಮನಸ್ಸೇನೂ ಕರಗಿರಲಿಲ್ಲ, ರಾಜ್ಯಗಳಿಗೆ ಅನುದಾನ ತಪ್ಪುವ ಭಯವಿತ್ತು.

ಉಲ್ಟಾವಾದಿ:

ದಂಡ ಹಾಕಿದರೂ ಅಂಗಡಿಯವರು ಅದನ್ನು ಬಾಡಿಗೆ ಅಂದುಕೊಂಡು ಕಟ್ಟುತ್ತಾರೆ.

ಗಲ್ಲಾಪೆಟ್ಟಿಗೆ:

ದಂಡ ಸಣ್ಣದಿದ್ದರೆ ಹೌದು. ಭಾರತದ 2003ರ ತಂಬಾಕು ನಿಯಂತ್ರಣ ಕಾಯ್ದೆಯಲ್ಲಿ (ಕೋಟ್ಪಾ) 18 ತುಂಬದವರಿಗೆ ಮಾರಿದರೆ, ಶಿಕ್ಷಣ ಸಂಸ್ಥೆಯ 100 ಗಜದೊಳಗೆ ಮಾರಿದರೆ ದಂಡ 200 ರೂಪಾಯಿ ತನಕ. ಅದನ್ನು ಬಾಡಿಗೆ ಅನ್ನಲೂ ಆಗದು, ಟಿಪ್ಸು. ಅದೇ ದೇಶದ 2015ರ ಬಾಲನ್ಯಾಯ ಕಾಯ್ದೆಯ 77ನೇ ಕಲಮು ಮಗುವಿಗೆ ತಂಬಾಕು ಕೊಟ್ಟವರಿಗೆ ಏಳು ವರ್ಷದ ತನಕ ಕಠಿಣ ಶಿಕ್ಷೆ, ಒಂದು ಲಕ್ಷ ರೂಪಾಯಿ ತನಕ ದಂಡ ಅನ್ನುತ್ತದೆ. ಒಂದು ತುದಿಯಲ್ಲಿ ಸೊಳ್ಳೆ ಕಡಿತ, ಇನ್ನೊಂದು ತುದಿಯಲ್ಲಿ ಸಿಡಿಲು. ಮೊದಲನೆಯದಕ್ಕೆ ಯಾರೂ ಹೆದರುವುದಿಲ್ಲ, ಎರಡನೆಯದನ್ನು ಸಣ್ಣ ಅಂಗಡಿಯವರ ಮೇಲೆ ಹಾಕಲು ಅಧಿಕಾರಿಗೇ ಕೈ ಬರುವುದಿಲ್ಲ. ಕರ್ನಾಟಕ ತನ್ನ ತಿದ್ದುಪಡಿಯಲ್ಲಿ ವಯಸ್ಸನ್ನು 21ಕ್ಕೆ, ದಂಡವನ್ನು 1,000 ರೂಪಾಯಿಗೆ ಏರಿಸಿತು, 2025ರಲ್ಲಿ ಅದು ಜಾರಿಗೆ ಬಂತು. ಆದರೂ ಒಂದೇ ಮೆಟ್ಟಿಲು.

ಫಲ ಕೊಡುವುದು ಮೆಟ್ಟಿಲು ಮೆಟ್ಟಿಲಾಗಿ ಏರುವ, ಕೊನೆಗೆ ಲೈಸೆನ್ಸಿಗೆ ಮುಟ್ಟುವ ವ್ಯವಸ್ಥೆ. ಮೊದಲ ಸಲ ಎಚ್ಚರಿಕೆ ಪತ್ರ, ಆಮೇಲೆ ಏರುವ ದಂಡ, 36 ತಿಂಗಳಲ್ಲಿ ಐದು ಸಲ ಸಿಕ್ಕರೆ ತಂಬಾಕು ಮಾರಾಟವೇ ಬಂದ್. ಅಮೆರಿಕದ ಒಕ್ಕೂಟ ನಿಯಮ ಹೀಗಿದೆ. ಗಿರಾಕಿ ಹೋದರೆ ಹೋಗಲಿ, ಲೈಸೆನ್ಸ್ ಹೋದರೆ ಅಂಗಡಿಯೇ ಹೋದಂತೆ. ಆದ್ದರಿಂದ ಬಿಡಿ ಮಾರಾಟಗಾರರಿಗೂ ಲೈಸೆನ್ಸ್ ಕಡ್ಡಾಯ ಮಾಡದ ಕಡೆ ತಪಾಸಣೆಗೆ ಹಲ್ಲೇ ಇರುವುದಿಲ್ಲ.

ಇನ್ನೊಂದು: ದಂಡ ಬೀಳಬೇಕಾದದ್ದು ಮಾರಿದವರಿಗೆ, ಕೊಂಡ ಮಗುವಿಗಲ್ಲ. ಮಗುವಿಗೆ ಕೇಸು ಹಾಕುವ ಕಾನೂನುಗಳಿಂದ ಅಂಗಡಿಯವರು ಜಾರಿಕೊಳ್ಳುತ್ತಾರೆ, ಮಗು ನೆರವು ಕೇಳಲು ಹೆದರುತ್ತದೆ.

ಅಳತೆಪಟ್ಟಿ:

100 ಗಜದ ವಿಷಯ ಬಂತಲ್ಲ, ಅಳೆಯುವವರು ಪದೇಪದೇ ಮಾಡುವ ತಪ್ಪು ಹೇಳುತ್ತೇನೆ. ಗೇಟಿನಿಂದ ರಸ್ತೆಗುಂಟ ಟೇಪು ಹಿಡಿಯುತ್ತಾರೆ. ನಿಯಮ ಹಾಗಿಲ್ಲ. ಕಾಂಪೌಂಡು ಗೋಡೆ ಅಥವಾ ಬೇಲಿಯ ಹೊರ ಅಂಚಿನಿಂದ ಎಲ್ಲ ದಿಕ್ಕಿಗೂ ನೇರವಾಗಿ 91.44 ಮೀಟರ್. ಹಿಂದಿನ ಓಣಿಯ ಅಂಗಡಿ ರಸ್ತೆಯ ಲೆಕ್ಕದಲ್ಲಿ 300 ಮೀಟರ್ ಇದ್ದರೂ ನೇರ ಲೆಕ್ಕದಲ್ಲಿ 60 ಇರಬಹುದು. ನಕ್ಷೆಯ ಮೇಲೆ ಗೋಡೆಯ ಮೂಲೆ ಮೂಲೆಯಿಂದ ವೃತ್ತ ಎಳೆದು ಸೇರಿಸಿದರೆ ವಲಯ ಸಿಗುತ್ತದೆ. ಆ ನಕ್ಷೆಗೆ ಸಹಿ ಮಾಡಿಸಿ ಕಡತದಲ್ಲಿಟ್ಟರೆ ಆಮೇಲಿನ ವಾದವೇ ಇರುವುದಿಲ್ಲ.

ಕ್ಷಾರಾಮ್ಲ:

ಎಲ್ಲರೂ ಅಂಗಡಿಯ ಬಗ್ಗೆ ಹೇಳಿದಿರಿ. ಒಳಗಿರುವ ವಸ್ತು ಹೇಗೆ ಬದಲಾಗುತ್ತದೆ ಅನ್ನುವುದನ್ನು ಬಿಟ್ಟರೆ ಕಾರ್ಯಕ್ರಮ ಯಾಕೆ ನಿರಂತರ ಬೇಕು ಅನ್ನುವುದು ಅರ್ಧವೇ ಅರ್ಥವಾಗುತ್ತದೆ.

ಹಳೆಯ ವೇಪ್ ದ್ರವದಲ್ಲಿ ನಿಕೋಟಿನ್ ಕ್ಷಾರ ರೂಪದಲ್ಲಿತ್ತು. ಪ್ರಮಾಣ ಹೆಚ್ಚಿಸಿದರೆ ಗಂಟಲು ಉರಿದು ಕೆಮ್ಮು ಬರುತ್ತಿತ್ತು. ಹೊಸಬರಿಗೆ ಆ ಉರಿಯೇ ತಡೆಗೋಡೆ. 2015ರಲ್ಲಿ ಬಂದ ಜೂಲ್ ಎಂಬ ವೇಪ್ ಬೆಂಜೋಯಿಕ್ ಆಮ್ಲ ಸೇರಿಸಿ ಅದನ್ನು ಲವಣ ರೂಪಕ್ಕೆ ತಂದಿತು. ಉರಿ ಹೋಯಿತು, ಪ್ರಮಾಣ ಮಿಲಿಲೀಟರಿಗೆ 59 ಮಿಲಿಗ್ರಾಂ ತನಕ ಏರಿತು. ಯುರೋಪಿನ ಒಕ್ಕೂಟದಲ್ಲಿ ಮಿತಿ 20 ಮಿಲಿಗ್ರಾಂ, ಒಂದು ಕೊಳವೆಯಲ್ಲಿ 2 ಮಿಲಿಲೀಟರಿಗಿಂತ ಹೆಚ್ಚು ದ್ರವ ಇರುವಂತಿಲ್ಲ. ಅದರ ಮೇಲೆ ಮೆಂಥಾಲ್. ಅದು ನಾಲಗೆ ಗಂಟಲಿನ ತಂಪು ಗ್ರಹಿಸುವ ನರಗಳನ್ನೇ ತಟ್ಟಿ ಉಳಿದ ಉರಿಯನ್ನೂ ಮರೆಸುತ್ತದೆ. ಹಣ್ಣಿನ ಸಿಹಿ ಕರೆಯುತ್ತದೆ, ಮೆಂಥಾಲ್ ಒಳಗೆ ಬಿಡುತ್ತದೆ, ಲವಣ ಹಿಡಿದಿಡುತ್ತದೆ. 2024ರಲ್ಲಿ ಅಮೆರಿಕದಲ್ಲಿ ವೇಪ್ ಬಳಸುತ್ತಿದ್ದ ವಿದ್ಯಾರ್ಥಿಗಳಲ್ಲಿ ಶೇ 87.6 ಮಂದಿ ಸುವಾಸನೆಯದನ್ನೇ ಬಳಸುತ್ತಿದ್ದರು.

ಇನ್ನು ಕಾನೂನಿನ ತೂತು. 2020ರ ಫೆಬ್ರುವರಿಯಲ್ಲಿ ಅಲ್ಲಿ ಪಾಡ್‌ಗಳ ಸುವಾಸನೆಗೆ ತಡೆ ಹಾಕಿದರು, ತಂಬಾಕು ಮತ್ತು ಮೆಂಥಾಲ್ ಬಿಟ್ಟು. ಸೇದಿ ಬಿಸಾಡುವ ವೇಪ್‌ಗಳು ಆ ಆದೇಶದ ಹೊರಗುಳಿದವು. ಪರಿಣಾಮ? ವೇಪ್ ಬಳಸುವ ಹೈಸ್ಕೂಲು ಮಕ್ಕಳಲ್ಲಿ ಬಿಸಾಡುವ ಬಗೆಯದನ್ನು ಬಳಸುವವರು 2019ರಲ್ಲಿ ಶೇ 2.4 ಇದ್ದದ್ದು 2020ರಲ್ಲಿ ಶೇ 26.5. ಒಂದು ವಾಕ್ಯದ ವಿನಾಯಿತಿಗೆ ಇಷ್ಟು ಬೆಲೆ. ಆಮೇಲೆ "ನಮ್ಮ ನಿಕೋಟಿನ್ ತಂಬಾಕಿನಿಂದ ಬಂದದ್ದಲ್ಲ, ಪ್ರಯೋಗಾಲಯದ್ದು" ಎಂಬ ಹೊಸ ಆಟ. 2022ರಲ್ಲಿ ಕಾನೂನು ತಿದ್ದಿ ಅದನ್ನೂ ಮುಚ್ಚಬೇಕಾಯಿತು. ಈಗ ಮೆಂಥಾಲ್ ಅಲ್ಲದ, ವಾಸನೆಯೂ ಇಲ್ಲದ ತಂಪುಕಾರಕಗಳು ಬಂದಿವೆ. ಹಣ್ಣಿನ ಹೆಸರೇ ಇಲ್ಲದ, ಬರೀ ಬಣ್ಣದ ಹೆಸರಿನ ಡಬ್ಬಿಗಳೂ.

ಹಾಗಾಗಿ ನಿಯಮ ಬರೆಯುವವರಿಗೆ ಎರಡು ಮಾತು. ಸಾಧನದ ಹೆಸರು ಹಿಡಿದು ಬರೆಯಬೇಡಿ, "ನಿಕೋಟಿನ್ ಇರುವ, ಯಾವುದೇ ಮೂಲದ, ಯಾವುದೇ ರೂಪದ" ಎಂದು ಬರೆಯಿರಿ. ಮತ್ತು ಬೇಡದ ಸುವಾಸನೆಗಳ ಪಟ್ಟಿ ಮಾಡುವುದಕ್ಕಿಂತ ಒಪ್ಪಿತ ಸುವಾಸನೆ ಒಂದನ್ನೇ ಹೆಸರಿಸಿ, ಉಳಿದದ್ದೆಲ್ಲ ನಿಷಿದ್ಧ ಅನ್ನಿ. ಬೇಡದ್ದರ ಪಟ್ಟಿ ಎಂದೂ ಮುಗಿಯುವುದಿಲ್ಲ.

ಔಷಧಚೀಟಿ:

ಚಿಕ್ಕ ಅಡ್ಡಮಾತು. ವೇಪ್ ದ್ರವದ ಬಾಟಲಿಗೆ ಮಕ್ಕಳು ತೆರೆಯಲಾಗದ ಮುಚ್ಚಳ ಕಡ್ಡಾಯ ಮಾಡುವುದೂ ಇದೇ ಕಾರ್ಯಕ್ರಮಗಳ ಪಾಲು (ಅಮೆರಿಕದಲ್ಲಿ 2016ರ ಕಾಯ್ದೆ). ಅಂಬೆಗಾಲಿಡುವ ಮಗು ಸ್ವಲ್ಪ ನುಂಗಿದರೂ ವಾಂತಿ, ಬೆವರು, ಜೊಲ್ಲು, ಆಮೇಲೆ ನಡುಕ, ಉಸಿರಾಟದ ತೊಂದರೆ ಬರಬಹುದು. ವಾಂತಿ ಮಾಡಿಸಲು ಹೋಗಬೇಡಿ. ಚರ್ಮಕ್ಕೆ ಚೆಲ್ಲಿದ್ದರೆ ಬಟ್ಟೆ ತೆಗೆದು ನೀರಿನಿಂದ ತೊಳೆಯಿರಿ, ಚರ್ಮದ ಮೂಲಕವೂ ಒಳಗೆ ಹೋಗುತ್ತದೆ. ಬಾಟಲಿಯನ್ನು ಜೊತೆಗೆ ಹಿಡಿದು ತಕ್ಷಣ ಆಸ್ಪತ್ರೆಗೆ ಹೋಗಿ, ಸಾಂದ್ರತೆ ಎಷ್ಟು ಅನ್ನುವುದು ವೈದ್ಯರಿಗೆ ಬೇಕಾಗುತ್ತದೆ.

ಉಲ್ಟಾವಾದಿ:

ಸರಿ, ಒಪ್ಪಿದೆ. ಆದರೆ ಸಿಗರೇಟು ಬಿಡಲು ವೇಪ್ ನೆರವಾಗುತ್ತದೆ ಅನ್ನುವುದೂ ನಿಜವಲ್ಲವೇ? ಮಕ್ಕಳ ಹೆಸರಲ್ಲಿ ದೊಡ್ಡವರ ದಾರಿ ಮುಚ್ಚುವುದು ಯಾವ ನ್ಯಾಯ? ಪೂರ್ತಿ ನಿಷೇಧಿಸಿದ ದೇಶಗಳಲ್ಲಿ ಕದ್ದು ಮಾರುತ್ತಿಲ್ಲವೇ?

ತಕ್ಕಡಿ:

ಮೊದಲನೆಯದು ನಿಜ, ಮುಚ್ಚಿಡುವುದಿಲ್ಲ. ನಡೆದ ಅಧ್ಯಯನಗಳನ್ನೆಲ್ಲ ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಪರಾಮರ್ಶೆಯ ಪ್ರಕಾರ ಬಿಡಲು ಹೊರಟ ದೊಡ್ಡವರಿಗೆ ನಿಕೋಟಿನ್ ವೇಪ್, ನಿಕೋಟಿನ್ ಪಟ್ಟಿ-ಚೂಯಿಂಗ್ ಗಮ್ಮಿಗಿಂತ ಹೆಚ್ಚು ನೆರವಾಗುತ್ತದೆ. ಇದನ್ನು ಒಪ್ಪದ ಸಮರ್ಥಕರ ಮಾತು ಮೊದಲ ಪ್ರಶ್ನೆಗೇ ಬಿದ್ದುಹೋಗುತ್ತದೆ.

ದೇಶಗಳು ಬೇರೆ ಬೇರೆ ದಾರಿ ಹಿಡಿದಿವೆ. ಬ್ರೆಜಿಲ್ 2009ರಲ್ಲಿ, ಭಾರತ 2019ರಲ್ಲಿ ಮಾರಾಟವನ್ನೇ ನಿಷೇಧಿಸಿದವು. ಭಾರತದ ಕಾಯ್ದೆಯಲ್ಲಿ ಮೊದಲ ಸಲ ಮಾರಿ ಸಿಕ್ಕಿದರೆ ಒಂದು ವರ್ಷದ ತನಕ ಸೆರೆ ಅಥವಾ ಒಂದು ಲಕ್ಷ ರೂಪಾಯಿ ತನಕ ದಂಡ, ಅಥವಾ ಎರಡೂ. ಆಸ್ಟ್ರೇಲಿಯಾ 2024ರ ಜುಲೈಯಿಂದ ಔಷಧಿ ಅಂಗಡಿಗೆ ಮಾತ್ರ ಸೀಮಿತ ಮಾಡಿತು. ಬ್ರಿಟನ್ ದೊಡ್ಡವರಿಗೆ ಬಿಟ್ಟಿದೆ, ಆದರೆ ಬಿಸಾಡುವ ವೇಪನ್ನು 2025ರ ಜೂನ್ 1ರಿಂದ ನಿಲ್ಲಿಸಿತು. ಯಾವ ದಾರಿ ಮೇಲು ಅನ್ನುವುದಕ್ಕೆ ಇನ್ನೊಂದು ಚರ್ಚೆ ಬೇಕು. ಇಲ್ಲಿಗೆ ಬೇಕಾದದ್ದು ಇಷ್ಟು: ನಿಷೇಧವಿದ್ದರೂ, ಇಲ್ಲದಿದ್ದರೂ ತಪಾಸಣೆ, ಸಮೀಕ್ಷೆ, ಬಿಡಿಸುವ ನೆರವು ಮೂರೂ ಬೇಕೇ ಬೇಕು. ನಿಷೇಧ ಮಾಡಿ ತಪಾಸಕರಿಗೆ ಹಣ ಕೊಡದಿದ್ದರೆ ನೀವು ಹೇಳಿದ ಕದ್ದು ಮಾರಾಟವೇ ಆಗುತ್ತದೆ. ಆಗ ಅಂಗಡಿಯವರು ವಯಸ್ಸೂ ಕೇಳುವುದಿಲ್ಲ.

ವಯಸ್ಸಿನ ಮಿತಿ ಏರಿಸಿದರೆ ಫಲವಿದೆಯೇ ಅನ್ನುವುದಕ್ಕೆ ಚೆನ್ನಾದ ಉದಾಹರಣೆ ಮ್ಯಾಸಚೂಸೆಟ್ಸ್‌ನ ನೀಧಮ್ ಪಟ್ಟಣ. 2005ರಲ್ಲಿ 21ಕ್ಕೆ ಏರಿಸಿತು. 2006ರಿಂದ 2010ರ ನಡುವೆ ಅಲ್ಲಿನ ಹೈಸ್ಕೂಲು ಮಕ್ಕಳ ಧೂಮಪಾನ ಶೇ 13ರಿಂದ 7ಕ್ಕೆ ಇಳಿಯಿತು. ಸುತ್ತಲ ಊರುಗಳಲ್ಲಿ ಶೇ 15ರಿಂದ 12ಕ್ಕೆ. ಹದಿನಾರರ ಮಗುವಿಗೆ ಸಿಗರೇಟು ತಂದುಕೊಡುವುದು ಸಾಮಾನ್ಯವಾಗಿ ಅದೇ ಶಾಲೆಯ ಹದಿನೆಂಟರ ಗೆಳೆಯ. 21 ಆದರೆ ಆ ಕೊಂಡಿ ಕಳಚುತ್ತದೆ.

ಬಿಡಿಸುವಕೈ:

ಈಗಾಗಲೇ ಚಟ ಹತ್ತಿದ ಮಕ್ಕಳನ್ನು ಯಾರೂ ನೆನೆಯಲಿಲ್ಲ. ಬಹಳ ಕಾರ್ಯಕ್ರಮಗಳ ದೊಡ್ಡ ಕೊರತೆ ಇದೇ. ಶಾಲೆಗೆ ಸಿಕ್ಕಿಬಿದ್ದ ಮಗುವಿಗೆ ಗೊತ್ತಿರುವ ಒಂದೇ ಔಷಧ ಅಮಾನತು. ಮಗು ಮನೆಯಲ್ಲಿ ಒಂಟಿಯಾಗಿ ಕೂರುತ್ತದೆ, ಸೇದಲು ಅದಕ್ಕಿಂತ ಒಳ್ಳೆಯ ಜಾಗ ಬೇಕೇ? ಶೌಚಾಲಯಕ್ಕೆ ಹಾಕುವ ವೇಪ್ ಪತ್ತೆ ಯಂತ್ರಗಳು ಗಾಳಿಯ ಸೂಕ್ಷ್ಮ ಕಣ ಮತ್ತು ಆವಿಯನ್ನು ಅಳೆಯುತ್ತವೆ. ಡಿಯೋಡರೆಂಟ್ ಹೊಡೆದರೂ ಕೂಗುತ್ತವೆ. ಕೂಗಿದ ಮೇಲೆ ಮಗುವನ್ನು ಎಲ್ಲಿಗೆ ಕಳಿಸಬೇಕು ಅನ್ನುವುದು ತೀರ್ಮಾನವಾಗದೆ ಯಂತ್ರ ಕೊಳ್ಳುವುದು ಹಣ ಹಾಳು.

ಮಾಡಬೇಕಾದದ್ದು: ಬೇರೆಯವರಿಲ್ಲದ ಕಡೆ ಕೂರಿಸಿ, ಮನೆಗೆ ಹೇಳುವುದಾದರೆ ಯಾವಾಗ ಯಾಕೆ ಹೇಳುತ್ತೇವೆ ಎಂದು ಮೊದಲೇ ತಿಳಿಸಿ, "ಎದ್ದ ಎಷ್ಟು ಹೊತ್ತಿಗೆ ಮೊದಲ ಸಲ ಬೇಕೆನಿಸುತ್ತದೆ?" ಎಂದು ಕೇಳಬೇಕು. ಐದು ನಿಮಿಷದೊಳಗೆ ಅಂದರೆ ಚಟ ಬಲವಾಗಿದೆ. ಬಿಡುವ ದಿನ ಗೊತ್ತುಮಾಡಬೇಕು, ಪರೀಕ್ಷೆಯ ವಾರ ಬೇಡ. ಸಿಡುಕು, ನಿದ್ದೆಗೇಡು, ಗಮನ ನಿಲ್ಲದಿರುವುದು ಮೊದಲ ಮೂರು ದಿನ ಜೋರು, ಎರಡರಿಂದ ನಾಲ್ಕು ವಾರಕ್ಕೆ ತಗ್ಗುತ್ತದೆ. ಆ ಮೂರು ದಿನ ಶಿಕ್ಷಕರಿಗೆ ಗೊತ್ತಿರಬೇಕು, ಇಲ್ಲದಿದ್ದರೆ ಸಿಡುಕಿಗೆ ಇನ್ನೊಂದು ಶಿಕ್ಷೆ ಬೀಳುತ್ತದೆ. ಸೆಳೆತ ಬಂದಾಗ ಕೆಲವೇ ನಿಮಿಷ ಕಳೆಯಲು ಕೈಗೆ, ಬಾಯಿಗೆ ಕೆಲಸ ಬೇಕು. ನಿಕೋಟಿನ್ ಪಟ್ಟಿ, ಗಮ್ಮು ವೈದ್ಯರನ್ನು ಕೇಳಿಯೇ. ಬ್ರಿಟನ್ನಿನಲ್ಲಿ 12 ದಾಟಿದವರಿಗೆ ಒಪ್ಪಿಗೆಯಿದೆ, ಅಮೆರಿಕದಲ್ಲಿ 18ರ ಒಳಗಿನವರಿಗೆ ಇಲ್ಲ.

ದುಬಾರಿ ವ್ಯವಸ್ಥೆಯೇ ಬೇಕೆಂದಿಲ್ಲ. ಮೊಬೈಲಿಗೆ ಸಂದೇಶ ಕಳಿಸುವ ಒಂದು ಕಾರ್ಯಕ್ರಮವನ್ನು 13ರಿಂದ 17ರ 1,503 ಮಕ್ಕಳ ಮೇಲೆ ಪರೀಕ್ಷಿಸಿದರು, 2024ರಲ್ಲಿ ವರದಿ ಬಂತು. ಏಳು ತಿಂಗಳ ನಂತರ ವೇಪ್ ಬಿಟ್ಟಿದ್ದವರು ಶೇ 37.8, ಸಂದೇಶ ಸಿಗದ ಗುಂಪಿನಲ್ಲಿ ಶೇ 28. ನೂರಕ್ಕೆ ಹತ್ತು ಮಕ್ಕಳು ಹೆಚ್ಚು, ಅದೂ ಫೋನ್ ಸಂದೇಶಕ್ಕೆ.

ತೆರಿಗೆಲೆಕ್ಕ:

ತೆರಿಗೆಯ ಬಗ್ಗೆ ಚುಟುಕಾಗಿ ಹೇಳುತ್ತೇನೆ, ಇಲ್ಲಿ ಗೊಂದಲ ಕಡಿಮೆ. ಕೈಯಲ್ಲಿ ಕಾಸು ಕಡಿಮೆ ಇರುವವರು ಬೆಲೆಗೆ ಹೆಚ್ಚು ಹೆದರುತ್ತಾರೆ, ಮಕ್ಕಳ ಕೈಯಲ್ಲಿ ಕಾಸು ಕಡಿಮೆ. ಚಿಲ್ಲರೆ ಬೆಲೆಯಲ್ಲಿ ತೆರಿಗೆಯ ಪಾಲು ಕನಿಷ್ಠ ಶೇ 75 ಇರಲಿ ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಬೆಲೆಯ ಶೇಕಡಾವಾರು ತೆರಿಗೆಗಿಂತ ಕಡ್ಡಿಗಿಷ್ಟು ಎಂಬ ತೆರಿಗೆ ಮೇಲು. ಶೇಕಡಾವಾರಿದ್ದರೆ ಕಂಪನಿ ಅಗ್ಗದ ಸರಕು ಇಳಿಸಿ ತೆರಿಗೆಯನ್ನೂ ಅಗ್ಗ ಮಾಡಿಕೊಳ್ಳುತ್ತದೆ. ಆದರೆ ಕಡ್ಡಿಗಿಷ್ಟು ಎಂಬ ದರವನ್ನು ಬೆಲೆಯೇರಿಕೆಗೆ ಕಟ್ಟಿಹಾಕದಿದ್ದರೆ ನಾಲ್ಕೈದು ವರ್ಷದಲ್ಲಿ ಅದು ಸವೆದು ಹೋಗುತ್ತದೆ. ಒಂದೊಂದೇ ಕಡ್ಡಿ ಮಾರಲು ಬಿಟ್ಟರೆ ಎಲ್ಲ ವ್ಯರ್ಥ, ಪೊಟ್ಟಣದ ಬೆಲೆ ಮಗುವಿಗೆ ತಟ್ಟುವುದೇ ಇಲ್ಲ, ಪೊಟ್ಟಣದ ಮೇಲಿನ ಎಚ್ಚರಿಕೆ ಚಿತ್ರ ಕಾಣುವುದೂ ಇಲ್ಲ.

ಬಂದ ಹಣ ಎಲ್ಲಿಗೆ ಹೋಯಿತು ಅನ್ನುವುದನ್ನೂ ಕೇಳಿ. ಮೊಕದ್ದಮೆಗಳ ರಾಜಿಗೆ ಆದ 1998ರ ಒಪ್ಪಂದದಲ್ಲಿ ಅಮೆರಿಕದ 46 ರಾಜ್ಯಗಳಿಗೆ ಮೊದಲ 25 ವರ್ಷದಲ್ಲಿ ಕಂಪನಿಗಳಿಂದ ಸುಮಾರು 206 ಶತಕೋಟಿ ಡಾಲರ್ ಬರಬೇಕೆಂದಾಯಿತು. ತಡೆ ಕಾರ್ಯಕ್ರಮಕ್ಕೇ ಕೊಡಬೇಕು ಎಂಬ ಷರತ್ತು ಅದರಲ್ಲಿರಲಿಲ್ಲ. ರಸ್ತೆ, ಸಾಲ, ಬಜೆಟ್ ತೂತು ಅಂತ ಹೆಚ್ಚಿನದು ಹರಿದುಹೋಯಿತು. ಷರತ್ತನ್ನು ಕಾನೂನಿನಲ್ಲೇ ಬರೆಸದಿದ್ದರೆ ಹೀಗೇ.

ಬೇಲಿಗೂಟ:

ಕೇಳಿದ್ದಕ್ಕಿಂತ ಹೆಚ್ಚೇ ಸಿಕ್ಕಿತು. ಹಾಗಾದರೆ ಮನವಿ ಬರೆಯುವವರು ಭಾಷಣ, ಜಾಥಾದ ಹಣ ಬಿಟ್ಟುಕೊಡಬಹುದು; ಸಮೀಕ್ಷೆ, ಪರೀಕ್ಷಾ ಖರೀದಿ, ಬಿಡಿಸುವ ನೆರವು, ಒಳ್ಳೆಯ ಪ್ರಚಾರ ಇವನ್ನು ಬಿಡಕೂಡದು. ಸರಿಯೇ?

ಕಪ್ಪುಹಲಗೆ:

ಸರಿ. ಜೊತೆಗೆ ಒಂದು ಕಡೆ ಎಚ್ಚರ ಬೇಕು. ಸರ್ಕಾರ ಕೈಬಿಟ್ಟ ಕೂಡಲೇ "ಯುವಜನ ಜಾಗೃತಿ"ಗೆ ನಾವೇ ಹಣ ಕೊಡುತ್ತೇವೆ ಎಂದು ಉದ್ಯಮದವರು ಬರುತ್ತಾರೆ. 2005ರಲ್ಲಿ ಜಾರಿಗೆ ಬಂದ ತಂಬಾಕು ನಿಯಂತ್ರಣದ ಅಂತರರಾಷ್ಟ್ರೀಯ ಒಪ್ಪಂದದ 5.3ನೇ ವಿಧಿ ಆರೋಗ್ಯ ನೀತಿಯನ್ನು ತಂಬಾಕು ಉದ್ಯಮದ ಹಿತಾಸಕ್ತಿಯಿಂದ ಕಾಪಾಡಬೇಕು ಎನ್ನುತ್ತದೆ. ಸಹಿ ಹಾಕಿದ ದೇಶವಾದರೆ ಆ ವಿಧಿಯ ಸಂಖ್ಯೆಯನ್ನೇ ಮನವಿಯಲ್ಲಿ ಬರೆಯಿರಿ. ಆಮೇಲೆ ಮನವಿ ಒಂದೇ ಪುಟ ಇರಲಿ: ಯಾವ ಲೆಕ್ಕಶೀರ್ಷಿಕೆ, ಕಳೆದ ವರ್ಷ ಎಷ್ಟು ಕೊಟ್ಟಿರಿ, ಎಷ್ಟು ತಪಾಸಣೆ ಆಯಿತು, ಎಷ್ಟರಲ್ಲಿ ಮಗುವಿಗೆ ಮಾರಿದರು. ಈ ನಾಲ್ಕು ಅಂಕಿ ಇಲ್ಲದ ಕಾರ್ಯಕ್ರಮವನ್ನು ಯಾರೂ ಉಳಿಸಲಾರರು.

ಬೇಲಿಗೂಟ:

ಮೂರನೇ ಅಂಕಿಯಲ್ಲೇ ಅನುಮಾನ. ತಪಾಸಣೆಯ ಸಂಖ್ಯೆ ಇರುತ್ತದೆ, ಆದರೆ ಊರಲ್ಲಿ ಒಟ್ಟು ಎಷ್ಟು ಅಂಗಡಿ ಅನ್ನುವ ಪಟ್ಟಿಯೇ ಹಳೆಯದಾಗಿದ್ದರೆ?

ಗಲ್ಲಾಪೆಟ್ಟಿಗೆ:

ಪಟ್ಟಿ ಪರೀಕ್ಷಿಸುವ ಸುಲಭ ದಾರಿ ಇದೆ. ಪಟ್ಟಿಯನ್ನು ಕೈಯಲ್ಲಿ ಹಿಡಿಯದೆ, ಚೀಟಿ ಎತ್ತಿ ಆರಿಸಿದ ಕೆಲವು ಬಡಾವಣೆಗಳಲ್ಲಿ ಬೀದಿ ಬೀದಿ ನಡೆದು ತಂಬಾಕು ಮಾರುವ ಎಲ್ಲ ಜಾಗ ಬರೆದುಕೊಳ್ಳಿ, ತಳ್ಳುಗಾಡಿ, ಮೆಟ್ಟಿಲ ಕೆಳಗಿನ ಗೂಡಂಗಡಿ ಸೇರಿಸಿ. ಆಮೇಲೆ ಪಟ್ಟಿಯ ಜೊತೆ ತಾಳೆ ನೋಡಿ. ನೂರಕ್ಕೆ 80 ಸಿಕ್ಕರೆ ಪಟ್ಟಿ ನಡೆಯುತ್ತದೆ, ಸೈನಾರ್ ತಪಾಸಣೆಗೂ ಅಷ್ಟೇ ಕೇಳುತ್ತಾರೆ. ಅದಕ್ಕಿಂತ ಕಡಿಮೆ ಬಂದರೆ ಆ ಪಟ್ಟಿಯಿಂದ ತೆಗೆದ ಶೇಕಡಾವಾರನ್ನು ಮನವಿಯಲ್ಲಿ ಹಾಕಬೇಡಿ, ಪಟ್ಟಿ ಹೊಸದು ಮಾಡಲು ಹಣ ಕೇಳಿ. ನಡೆಯುವವರು ಇಬ್ಬಿಬ್ಬರು ಇರಲಿ, ಒಬ್ಬರು ಎಡಬದಿ, ಒಬ್ಬರು ಬಲಬದಿ. ಒಬ್ಬರೇ ಹೋದರೆ ಎದುರುಬದಿಯ ಗೂಡಂಗಡಿ ತಪ್ಪಿಹೋಗುತ್ತದೆ.